ಆಡುಗೋಡಿಯ ಹಸು, ಡೆನ್ಮಾರ್ಕಿನ ಹಸು

ವಿಜ್ಞಾನ ನೀತಿ ಎಂದ ಕೂಡಲೇ ದೆಹಲಿಯ ಕಚೇರಿಗಳು, ಬಜೆಟ್ಟು, ಶೇಕಡಾವಾರು ಲೆಕ್ಕ ಇವೇ ನೆನಪಾಗುತ್ತವೆ. ಶ್ರೀಮಂತ ದೇಶಗಳು ಸಂಶೋಧನೆಗೆ ಇಷ್ಟು ಖರ್ಚು ಮಾಡುತ್ತವೆ, ನಾವು ಇಷ್ಟೇ ಮಾಡುತ್ತೇವೆ ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಆ ಲೆಕ್ಕಕ್ಕೆ ನಾನೂ ಬರುತ್ತೇನೆ. ಆದರೆ ಇವತ್ತಿನ ಮಾತನ್ನು ಹಸುವಿನ ಹೊಟ್ಟೆಯಿಂದ ಶುರು ಮಾಡುತ್ತೇನೆ. ಅದಕ್ಕೆ ನಾನಿರುವ ಜಾಗವೇ ಕಾರಣ.

ಬೆಂಗಳೂರಿನ ನಮ್ಮ ಸುದ್ದಗುಂಟೆಪಾಳ್ಯದಲ್ಲಿ ಇರುವವರಿಗೆ ಡೇರಿ ಸರ್ಕಲ್ ಎಂದರೆ ಟ್ರಾಫಿಕ್ಕು, ಫ್ಲೈಓವರ್, ಬಸ್ಸಿಗಾಗಿ ಕಾಯುವ ಜಾಗ. ಆ ಹೆಸರು ತಂದುಕೊಟ್ಟ ಬೆಂಗಳೂರು ಡೇರಿ ಯುನಿಸೆಫ್ ನೆರವಿನಿಂದ ಕಟ್ಟಿದ್ದು. 1965ರ ಜನವರಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅದನ್ನು ಉದ್ಘಾಟಿಸಿದರು. ಹೊಸೂರು ರಸ್ತೆ ದಾಟಿ ಆಡುಗೋಡಿ ಕಡೆ ಹೋದರೆ ಅದಕ್ಕಿಂತ ಹಳೆಯದೊಂದು ಸಂಸ್ಥೆ ಇದೆ. 1923ರಲ್ಲಿ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಅಧ್ಯಯನಕ್ಕೆಂದು ಶುರುವಾದದ್ದು ಅದು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ಬಂದಿದ್ದ ಗಾಂಧೀಜಿ ಹಸು ಸಾಕುವುದನ್ನು ಶಾಸ್ತ್ರೀಯವಾಗಿ ಕಲಿಯಲು ಅಲ್ಲಿಗೆ ಹೋಗುತ್ತಿದ್ದರು. 1955ರಲ್ಲಿ ಅದರ ಮುಖ್ಯ ಕಚೇರಿ ಈಗಿನ ಹರಿಯಾಣದ ಕರ್ನಾಲಿಗೆ ಹೋಯಿತು. ಇಲ್ಲಿ ಉಳಿದದ್ದು ಈಗ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಅದರ ನೆರೆಯಲ್ಲೇ 1995ರಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಬಂತು. ಅಲ್ಲಿನವರು ಅದನ್ನು ಚುಟುಕಾಗಿ ನಿಯಾನ್ಪ್ ಎನ್ನುತ್ತಾರೆ.

ಈ ಸಂಸ್ಥೆಯಲ್ಲಿ ನಡೆದಿರುವ ಒಂದು ಕೆಲಸ ಹಸುವಿನ ತೇಗಿಗೆ ಸಂಬಂಧಿಸಿದ್ದು. ಹಸು, ಎಮ್ಮೆ, ಕುರಿ, ಮೇಕೆ ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಹೊಟ್ಟೆಯ ಮೊದಲ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ನಾವು ನೀವು ಅರಗಿಸಲಾರದ ಹುಲ್ಲನ್ನು ಅವು ಕೊಳೆಸಿ ಮುರಿಯುತ್ತವೆ. ಹಾಗೆ ಮುರಿಯುವಾಗ ಹುಟ್ಟುವ ಹೈಡ್ರೊಜನ್ನನ್ನು ಬೇರೊಂದು ಜಾತಿಯ ಸೂಕ್ಷ್ಮಜೀವಿ ಬಳಸಿಕೊಂಡು ಮೀಥೇನ್ ಮಾಡುತ್ತದೆ. ಹಸು ಅದನ್ನು ತೇಗಿ ಹೊರಹಾಕುತ್ತದೆ. ಇದರಲ್ಲಿ ಎರಡು ನಷ್ಟವಿದೆ. ಮೀಥೇನ್ ಭೂಮಿಯ ಬಿಸಿ ಏರಿಸುವ ಅನಿಲ, ಇದು ಜಗತ್ತಿನ ನಷ್ಟ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಎರಡರಿಂದ ಹನ್ನೆರಡು ಭಾಗದವರೆಗೂ ಈ ಅನಿಲವಾಗಿ ಗಾಳಿಗೆ ಹೋಗುತ್ತದೆ, ಇದು ಮೇವು ಹಾಕಿದ ರೈತನ ನಷ್ಟ.

ಈಗ ಎರಡು ದೇಶಗಳನ್ನು ನೋಡಿ. ಡೆನ್ಮಾರ್ಕಿನಲ್ಲಿ ಹಸುವಿನ ಮೀಥೇನ್ ಮುಖ್ಯವಾಗಿ ಹವಾಮಾನದ ಪ್ರಶ್ನೆ. 2030ರಿಂದ ಜಾನುವಾರು ಹೊರಬಿಡುವ ಅನಿಲದ ಮೇಲೆ, ಇಂಗಾಲದ ಡೈಆಕ್ಸೈಡಿಗೆ ಸಮನಾಗಿಸಿದ ಲೆಕ್ಕದಲ್ಲಿ, ಟನ್ನಿಗೆ 300 ಕ್ರೋನರ್ ತೆರಿಗೆ ಹಾಕುವುದಾಗಿ ಅವರು 2024ರಲ್ಲಿ ನಿರ್ಧರಿಸಿದರು. ಐವತ್ತಕ್ಕಿಂತ ಹೆಚ್ಚು ಹಸು ಕಟ್ಟಿದ ಸಾಮಾನ್ಯ ಡೇರಿಗಳವರು 2025ರಿಂದ ಮೀಥೇನ್ ಕಡಿಮೆ ಮಾಡುವ ಆಹಾರ ಕೊಡಬೇಕೆಂಬ ನಿಯಮವೂ ಬಂತು. ಅಂಥ ಆಹಾರಕ್ಕೆ ಬೆರೆಸಲು ಡಿಎಸ್‌ಎಂ ಕಂಪನಿ ತಯಾರಿಸಿದ ಬೋವೇರ್ ಎಂಬ ಪುಡಿ ಇದೆ. ಹಸುವಿಗೆ ದಿನಕ್ಕೆ ಕಾಲು ಟೀ ಚಮಚದಷ್ಟು ಸಾಕು, ಮೀಥೇನ್ ಸರಾಸರಿ ನೂರಕ್ಕೆ ಮೂವತ್ತು ಭಾಗ ಇಳಿಯುತ್ತದೆ ಎಂದು ಕಂಪನಿ ಹೇಳುತ್ತದೆ. ಐರೋಪ್ಯ ಒಕ್ಕೂಟ 2022ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ದೊಡ್ಡ ಕಂಪನಿಯ ಪ್ರಯೋಗಾಲಯ, ಸರ್ಕಾರದ ತೆರಿಗೆ, ರೈತನಿಗೆ ಪರಿಹಾರ, ಅಳೆಯುವ ಯಂತ್ರ, ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡಿವೆ. ಶ್ರೀಮಂತ ವಿಜ್ಞಾನ ವ್ಯವಸ್ಥೆ ಕೆಲಸ ಮಾಡುವುದೇ ಹೀಗೆ.

ಆಡುಗೋಡಿಯ ಸಂಸ್ಥೆ ತಯಾರಿಸಿದ್ದಕ್ಕೆ ಹರಿತ್ ಧಾರಾ ಎಂದು ಹೆಸರು. ಟ್ಯಾನಿನ್ ಅಂದರೆ ಒಗರಿನ ಅಂಶ ಹೆಚ್ಚಾಗಿರುವ ಸಸ್ಯವಸ್ತುಗಳಿಂದ ಮಾಡಿದ್ದು. ಇದೇ ಸಂಸ್ಥೆಯವರು ಹುಣಸೆ ಬೀಜದ ಸಿಪ್ಪೆಯಿಂದಲೂ ಇಂಥದೊಂದನ್ನು ಮಾಡಿದ್ದಾರೆ. ಹರಿತ್ ಧಾರಾದಿಂದ ಮೀಥೇನ್ ನೂರಕ್ಕೆ ಹದಿನೇಳರಿಂದ ಇಪ್ಪತ್ತು ಭಾಗ ತಗ್ಗುತ್ತದೆ ಎನ್ನುವುದು ಸಂಸ್ಥೆಯ ಲೆಕ್ಕ. ಮೂವತ್ತಕ್ಕೆ ಎದುರಾಗಿ ಇಪ್ಪತ್ತು ಎಂದು ಅಳೆದರೆ ನಮ್ಮದು ಸಣ್ಣದು ಅನಿಸಬಹುದು. ಆದರೆ ಕನಕಪುರದ ಕಡೆಯೋ ಆನೇಕಲ್ಲಿನ ಕಡೆಯೋ ಎರಡು ಹಸು ಕಟ್ಟಿಕೊಂಡು, ರಾಗಿ ಹುಲ್ಲು ಹಾಕಿ, ಬೆಳಿಗ್ಗೆ ಸಂಜೆ ಸಂಘಕ್ಕೆ ಹಾಲು ಹಾಕುವ ಹೆಣ್ಣುಮಗಳಿಗೆ ಯಾವ ತೆರಿಗೆಯ ಭಯವೂ ಇಲ್ಲ, ಯಾವ ಪರಿಹಾರವೂ ಇಲ್ಲ. ಅವಳು ಆ ಪುಡಿಯನ್ನು ಹಸುವಿಗೆ ತಿನ್ನಿಸಬೇಕಾದರೆ ಬೆಲೆ ಕೈಗೆ ನಿಲುಕಬೇಕು, ಹಾಲು ಒಂದಿಷ್ಟಾದರೂ ಹೆಚ್ಚಬೇಕು. ನಮ್ಮ ವಿಜ್ಞಾನಿಗಳು ಹಿಡಿದದ್ದು ಆ ಎರಡನೆಯ ನಷ್ಟವನ್ನು. ಗಾಳಿಗೆ ಹೋಗುವ ಶಕ್ತಿಯನ್ನು ಹಸುವಿನ ಮೈಗೂ ಹಾಲಿಗೂ ತಿರುಗಿಸುವುದು ಹೇಗೆ, ಅದೂ ಇಲ್ಲೇ ಸಿಗುವ ಅಗ್ಗದ ವಸ್ತುವಿನಿಂದ? ಹೊಟ್ಟೆಯೊಳಗಿನ ರಸಾಯನ ಎರಡು ಕಡೆಯೂ ಒಂದೇ. ನೀತಿ ಬೇರೆಯಾದದ್ದು ಪ್ರಶ್ನೆ ಬೇರೆಯಾದ್ದರಿಂದ.

ಬಡ ದೇಶದ ವಿಜ್ಞಾನಕ್ಕೆ ಹಣದ ಕೊರತೆ ಇರುತ್ತದೆ, ನಿಜ. ಅದಕ್ಕಿಂತ ಆಳವಾದ ಕೊರತೆ ತನ್ನ ಪ್ರಶ್ನೆಯನ್ನು ತಾನೇ ಕೇಳುವ ಧೈರ್ಯದ್ದು ಎಂದು ನನ್ನ ನಂಬಿಕೆ. ಶ್ರೀಮಂತ ದೇಶಗಳಿಂದ ನಮಗೆ ಯಂತ್ರ ಬರುತ್ತದೆ, ಪತ್ರಿಕೆ ಬರುತ್ತದೆ, ಅವುಗಳ ಜೊತೆಗೆ ಪ್ರಶ್ನೆಗಳೂ ಬರುತ್ತವೆ. ಆ ಪ್ರಶ್ನೆಯ ಮೇಲೆ ಕೆಲಸ ಮಾಡಿದರೆ ದೊಡ್ಡ ಪತ್ರಿಕೆಯಲ್ಲಿ ಲೇಖನ ಬೀಳುತ್ತದೆ, ಬಡ್ತಿ ಸಿಗುತ್ತದೆ. ರಾಗಿ ಹುಲ್ಲಿನ ಮೇಲೆ ಕೆಲಸ ಮಾಡಿದವನಿಗೆ ಅಷ್ಟು ಸುಲಭವಿಲ್ಲ.

ಅಳತೆಯ ವಿಷಯದಲ್ಲಿ ಹೀಗೆ ಹೊರಗಿನವರನ್ನೇ ನೆಚ್ಚುವುದು ಎಷ್ಟು ದುಬಾರಿಯಾಗಬಹುದು ಎನ್ನುವುದಕ್ಕೆ ಒಂದು ಹಳೆಯ ಪ್ರಕರಣ ಹೇಳಬೇಕು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3 ಕೋಟಿ 70 ಲಕ್ಷ ಟನ್ ಮೀಥೇನ್ ಹೊರಬೀಳುತ್ತದೆ ಎಂದು ಅಂದಾಜು ಮಾಡಿತ್ತು. ಯುರೋಪು, ಅಮೆರಿಕದ ಗದ್ದೆಗಳಲ್ಲಿ ಅಳೆದದ್ದನ್ನು ನಮ್ಮ ಗದ್ದೆಗಳಿಗೆ ಗುಣಿಸಿ ತೆಗೆದ ಲೆಕ್ಕ ಅದು. 1991ರಲ್ಲಿ ದೆಹಲಿಯ ಪರಿಸರ ಚಿಂತಕರಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಇಂಥ ಲೆಕ್ಕಗಳನ್ನೇ ಪ್ರಶ್ನಿಸಿ ಪುಟ್ಟ ಪುಸ್ತಕ ಬರೆದರು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ದೇಶದ ಬೇರೆ ಬೇರೆ ಕಡೆ ಗದ್ದೆಗಿಳಿದು ಅಳೆದರು. ಬಂದ ಉತ್ತರ ಸುಮಾರು 40 ಲಕ್ಷ ಟನ್. ಹೇಳಿದ್ದಕ್ಕೂ ಇದ್ದದ್ದಕ್ಕೂ ಒಂಬತ್ತು ಪಟ್ಟು ಅಂತರ! ನಮ್ಮ ಎಷ್ಟೋ ಗದ್ದೆಗಳಲ್ಲಿ ನೀರು ಸದಾ ನಿಂತಿರುವುದಿಲ್ಲ, ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಇದು ಗದ್ದೆ ಕಂಡವರಿಗೆ ಗೊತ್ತಿದ್ದ ಸಂಗತಿ. ಆದರೆ ಗೊತ್ತಿದ್ದರೆ ಸಾಲದು, ಅಳೆದು ಅಂಕಿ ಮುಂದಿಡಬೇಕಿತ್ತು. ಹವಾಮಾನ ಒಪ್ಪಂದದ ಮಾತುಕತೆ ನಡೆಯುತ್ತಿದ್ದ ಹೊತ್ತಿನಲ್ಲಿ ಆ ಅಂಕಿ ಇಲ್ಲದೇ ಹೋಗಿದ್ದರೆ, ಮಾಡದ ತಪ್ಪಿನ ಹೊರೆ ನಮ್ಮ ಭತ್ತದ ರೈತರ ಮೇಲೆ ಬೀಳುತ್ತಿತ್ತು.

ಹಸುವಿನ ವಿಷಯದಲ್ಲೂ ಹಾಗೆಯೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2006ರ ಮಾರ್ಗಸೂಚಿ ಸ್ವಂತ ಅಳತೆ ಇಲ್ಲದ ದೇಶಗಳಿಗೆಂದು ಒಂದು ಕೋಷ್ಟಕ ಕೊಟ್ಟಿದೆ. ಉತ್ತರ ಅಮೆರಿಕದ ಹಾಲಿನ ಹಸುವಿಗೆ ವರ್ಷಕ್ಕೆ 128 ಕಿಲೋ ಮೀಥೇನ್, ನಮ್ಮ ಉಪಖಂಡದ ಹಸುವಿಗೆ 58 ಕಿಲೋ. ನಮ್ಮವರು ಸ್ವತಃ ಲೆಕ್ಕ ಹಾಕಿದಾಗ ನಾಟಿ ಹಸುವಿಗೆ ಸುಮಾರು 28, ಮಿಶ್ರತಳಿಗೆ ಸುಮಾರು 43 ಬಂತು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದನಗಳೇ 19 ಕೋಟಿಗೂ ಹೆಚ್ಚು, ಎಮ್ಮೆಗಳು 11 ಕೋಟಿಯ ಹತ್ತಿರ. ಒಂದು ತಲೆಗೆ ಹತ್ತು ಕಿಲೋ ವ್ಯತ್ಯಾಸವಾದರೂ ದೇಶದ ಲೆಕ್ಕ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಆಡುಗೋಡಿಯಲ್ಲಿ ಹಸುವಿನ ಕೊರಳಿಗೆ ಪುಟ್ಟ ಡಬ್ಬಿ ಕಟ್ಟಿ ಅದರ ಉಸಿರನ್ನು ಹಿಡಿದು ಅಳೆಯುವವರ ಕೆಲಸಕ್ಕೆ ಇಷ್ಟು ಬೆಲೆ ಇದೆ. ಆ ಕೆಲಸ ನಡೆಯುವ ಜಾಗದ ಮುಂದೆ ದಿನವೂ ಸಾವಿರಾರು ಜನ ಬಸ್ಸಿನಲ್ಲಿ ಹಾದುಹೋಗುತ್ತಾರೆ. ಅವರಿಗೆ ಇದು ತಿಳಿದಿರಬೇಕು ಎಂದೇ ನಾನು ಈ ವಿಷಯ ಎತ್ತಿಕೊಂಡದ್ದು.

ನಮ್ಮ ಪ್ರಶ್ನೆಯನ್ನು ನಾವೇ ಕೇಳಿ ಗೆದ್ದ ಕಥೆಯೂ ಇದೇ ಆವರಣವನ್ನು ಸೋಕಿಕೊಂಡು ಹೋಗಿದೆ. ಅಮುಲ್ ಕಟ್ಟಿ ಬೆಳೆಸಿದ ವರ್ಗೀಸ್ ಕುರಿಯನ್ ಅವರಿಗೆ ಡೇರಿ ಎಂಜಿನಿಯರಿಂಗ್ ಕಲಿಯಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಾಗ ಅಮೆರಿಕಕ್ಕೆ ಹೋಗುವ ಮೊದಲು ಅವರು ಕೆಲವು ತಿಂಗಳು ಕಳೆದದ್ದು ಬೆಂಗಳೂರಿನ ಈ ಇಂಪೀರಿಯಲ್ ಸಂಸ್ಥೆಯಲ್ಲಿ. ಆಮೇಲೆ ಮಿಷಿಗನ್, 1949ರಲ್ಲಿ ಗುಜರಾತಿನ ಆನಂದ್. ಅಲ್ಲಿ ಹಾಲು ಬಹುಪಾಲು ಎಮ್ಮೆಯದು. ಚಳಿಗಾಲದಲ್ಲಿ ಹಾಲು ಉಕ್ಕಿ ಹರಿದರೆ ಬೇಸಿಗೆಯಲ್ಲಿ ಬತ್ತುತ್ತಿತ್ತು. ಹೆಚ್ಚಾದ ಹಾಲನ್ನು ಪುಡಿ ಮಾಡಿ ಇಟ್ಟುಕೊಂಡರೆ ಮಾತ್ರ ರೈತ ಉಳಿಯುತ್ತಾನೆ. ಹೊರದೇಶದ ತಜ್ಞರು ಎಮ್ಮೆ ಹಾಲನ್ನು ಪುಡಿ ಮಾಡಲು ಆಗದು ಎಂದರು. ಅವರು ಸುಳ್ಳು ಹೇಳಲಿಲ್ಲ. ಎಮ್ಮೆಯೇ ಹೆಚ್ಚಾಗಿಲ್ಲದ ನಾಡಿನಲ್ಲಿ ಆ ಪ್ರಶ್ನೆಗೆ ಯಾರೂ ಕೈ ಹಾಕಿರಲಿಲ್ಲ, ಅಷ್ಟೇ. ಕುರಿಯನ್ನರ ಜೊತೆಗಾರ ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಆನಂದ್‌ನ ಹಾಲಿನ ಪುಡಿ ಕಾರ್ಖಾನೆಯನ್ನು ಉದ್ಘಾಟಿಸಿದರು.

ಮುಂದಿನ ಹೆಜ್ಜೆ ಇಟ್ಟದ್ದು ಮೈಸೂರು. ಎಮ್ಮೆ ಹಾಲಿನಲ್ಲಿ ಕೊಬ್ಬು, ಕೇಸೀನ್ ಎಂಬ ಪ್ರೋಟೀನು ಎರಡೂ ಹೆಚ್ಚು, ಶಿಶುವಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆದು ಅರಗದೆ ಉಳಿಯುತ್ತದೆ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ವಿ. ಸುಬ್ರಹ್ಮಣ್ಯನ್ ಅವರು ನಿರ್ದೇಶಕರಾಗಿದ್ದಾಗ ಈ ತೊಡಕನ್ನು ಬಿಡಿಸಿ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿಯಿತು. ಅಮುಲ್ ಅದನ್ನು ತಯಾರಿಸಿ ಮಾರಿತು. ಅಲ್ಲಿಯವರೆಗೆ ಮಗುವಿನ ಹಾಲಿನ ಪುಡಿ ಹೊರದೇಶದ ಡಬ್ಬಿಯಲ್ಲೇ ಬರುತ್ತಿತ್ತು. ತೀರ ಬಡವಾಗಿದ್ದ ಕಾಲದ ಭಾರತದ ಕೆಲಸ ಇದು.

ಇದನ್ನು ಕೇಳಿ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಹಾಗಾದರೆ ಬಡ ದೇಶ ಉಪಯೋಗಕ್ಕೆ ಬರುವ ಸಂಶೋಧನೆ ಮಾತ್ರ ಮಾಡಲಿ, ಮೂಲವಿಜ್ಞಾನದ ಗೊಡವೆ ಯಾಕೆ ಎನ್ನುತ್ತಾರೆ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಸುವಿನ ಹೊಟ್ಟೆಯಲ್ಲಿ ಯಾವ ಸೂಕ್ಷ್ಮಜೀವಿ ಏನು ಮಾಡುತ್ತದೆ ಎಂಬ ಬರಿಯ ಕುತೂಹಲದ ಜ್ಞಾನವಿಲ್ಲದೆ ಹರಿತ್ ಧಾರಾ ಹುಟ್ಟುತ್ತಿರಲಿಲ್ಲ. ಕೇಸೀನ್ ಹೇಗೆ ಗಟ್ಟಿಯಾಗುತ್ತದೆ ಎಂದು ತಿಳಿಯದೆ ಶಿಶು ಆಹಾರ ಆಗುತ್ತಿರಲಿಲ್ಲ. ನಮ್ಮ ಪ್ರಶ್ನೆ ಕೇಳುವುದೆಂದರೆ ಸಣ್ಣ ಪ್ರಶ್ನೆ ಕೇಳುವುದಲ್ಲ.

ಈಗ ಹಣದ ಮಾತು. 2020–21ರಲ್ಲಿ ಭಾರತ ಸಂಶೋಧನೆಗೆ ವೆಚ್ಚ ಮಾಡಿದ್ದು ಸುಮಾರು 1 ಲಕ್ಷ 27 ಸಾವಿರ ಕೋಟಿ ರೂಪಾಯಿ, ದೇಶದ ಒಟ್ಟು ಉತ್ಪನ್ನದಲ್ಲಿ ಶೇಕಡಾ 0.64. ಆ ಹೊತ್ತಿಗೆ ಚೀನಾದ್ದು ಶೇಕಡಾ 2.4ರ ಆಸುಪಾಸು, ಅಮೆರಿಕದ್ದು ಸುಮಾರು ಮೂರೂವರೆ, ದಕ್ಷಿಣ ಕೊರಿಯದ್ದು ಐದರ ಹತ್ತಿರ. ಶೇಕಡಾ ಎರಡಕ್ಕೆ ಏರಿಸುತ್ತೇವೆ ಎಂದು 2003ರ ನೀತಿಯಲ್ಲಿ ಬರೆದೆವು, 2013ರ ನೀತಿಯಲ್ಲಿ ಮತ್ತೆ ಬರೆದೆವು. ಆ ದೇಶಗಳಲ್ಲಿ ಹೆಚ್ಚಿನ ಹಣ ಕಂಪನಿಗಳದು. ನಮ್ಮಲ್ಲಿ ದೊಡ್ಡ ಪಾಲು ಸರ್ಕಾರದ್ದು. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ಎಂದು ಹೇಳಿದ್ದಾರೆ, ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕು. ಹೊರಗಿನ ಹಣ ಬಂದರೆ ಸಂತೋಷವೇ. ಆದರೆ ರಾಗಿ ಹುಲ್ಲಿನ ಪ್ರಶ್ನೆಗೆ, ಮಲೆನಾಡಿನಲ್ಲಿ ಉಣ್ಣೆ ಹರಡುವ ಮಂಗನ ಕಾಯಿಲೆಯ ಪ್ರಶ್ನೆಗೆ ಯಾವ ಕಂಪನಿ ಹಣ ಹಾಕೀತು?

ಇರುವ ಹಣವೂ ಕೈಗೆ ಬರುವ ರೀತಿ ನೋಡಿ. ಪ್ರಾಜೆಕ್ಟು ಸಾಮಾನ್ಯವಾಗಿ ಮೂರು ವರ್ಷದ್ದು. ಒಂದು ಕಂತು ಬಂತು, ಖರ್ಚಿನ ಪ್ರಮಾಣಪತ್ರ ಕೊಟ್ಟ ಮೇಲೆ ಮುಂದಿನದು, ಅದು ತಡವಾದರೆ ಫೆಲೋಶಿಪ್ ನಂಬಿದ ಹುಡುಗ ಹುಡುಗಿಯರು ಸಾಲ ಮಾಡಿ ಬಾಡಿಗೆ ಕಟ್ಟುತ್ತಾರೆ. ಹೆಣ್ಣು ಕರು ಹುಟ್ಟಿ, ಬೆಳೆದು, ಗಬ್ಬವಾಗಿ, ಮೊದಲ ಸಲ ಈಯುವ ಹೊತ್ತಿಗೆ ನಮ್ಮಲ್ಲಿ ಹೆಚ್ಚು ಕಡಿಮೆ ಮೂರು ವರ್ಷ ಹಿಡಿಯುತ್ತದೆ. ಅಂದರೆ ಕರುವಿಗೆ ಹಾಕಿದ ಮೇವು ಹಾಲಿನಲ್ಲಿ ಏನು ಮಾಡಿತು ಎಂದು ನೋಡುವ ಹೊತ್ತಿಗೆ ಪ್ರಾಜೆಕ್ಟು ಮುಗಿದಿರುತ್ತದೆ! ಯಂತ್ರದ ಗತಿಯೂ ಇದೇ. ಕೊಳ್ಳಲು ಒಮ್ಮೆ ಹಣ ಸಿಗುತ್ತದೆ, ವರ್ಷಾವರ್ಷದ ನಿರ್ವಹಣೆಗೆ ಸಿಗುವುದಿಲ್ಲ. ಬಿಡಿಭಾಗ ಹೊರದೇಶದಿಂದ ಬರುವ ತನಕ ಅದಕ್ಕೆ ಬಟ್ಟೆ ಹೊದಿಸಿಟ್ಟಿರುತ್ತಾರೆ. 2022ರಲ್ಲಿ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಉಪಕರಣಗಳ ಮೇಲಿದ್ದ ಶೇಕಡಾ 5ರ ರಿಯಾಯಿತಿ ಜಿಎಸ್‌ಟಿ ಹೋಗಿ ಶೇಕಡಾ 18 ಆಯಿತು. ಸರ್ಕಾರವೇ ಕೊಟ್ಟ ಹಣದಲ್ಲಿ ಒಂದು ಪಾಲು ಸರ್ಕಾರಕ್ಕೇ ಮರಳಿತು, ಪ್ರಯೋಗಾಲಯಕ್ಕೆ ಅಷ್ಟು ಕಡಿಮೆಯಾಯಿತು. 2025ರ ಜೂನಿನಲ್ಲಿ ಖರೀದಿ ನಿಯಮಗಳನ್ನು ಸಡಿಲಿಸಿ, ಸರ್ಕಾರದ ಪೋರ್ಟಲ್ಲಿನ ಆಚೆಗೂ ವಿಶೇಷ ಉಪಕರಣ ಕೊಳ್ಳುವ ಅಧಿಕಾರವನ್ನು ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟದ್ದು ಒಳ್ಳೆಯ ಕೆಲಸ.

ಪತ್ರಿಕೆಗಳ ಮಾತನ್ನು ಬೇಗ ಮುಗಿಸುತ್ತೇನೆ. ಓದುವುದಕ್ಕೆ ಈಗ ಒಂದು ದೇಶ ಒಂದು ಚಂದಾ ಯೋಜನೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ, ಸುಮಾರು 13,000 ಪತ್ರಿಕೆಗಳು. ಜಿಲ್ಲಾ ಕಾಲೇಜಿನ ಅಧ್ಯಾಪಕರಿಗೂ ಬಾಗಿಲು ತೆರೆಯಿತು. ಬರೆದು ಪ್ರಕಟಿಸುವುದು ಬೇರೆ. ಎಲ್ಲರೂ ಉಚಿತವಾಗಿ ಓದುವಂತೆ ಲೇಖನ ಹಾಕಲು ನೇಚರ್ ಪತ್ರಿಕೆ 2020ರ ಕೊನೆಯಲ್ಲಿ ಪ್ರಕಟಿಸಿದ ದರ 9,500 ಯೂರೋ. ನಮ್ಮ ಕಿರಿಯ ಸಂಶೋಧಕರೊಬ್ಬರ ಫೆಲೋಶಿಪ್ ಈಗ ತಿಂಗಳಿಗೆ 37,000 ರೂಪಾಯಿ. ಒಂದು ಲೇಖನದ ಶುಲ್ಕ ಅವರ ಎರಡು ವರ್ಷದ ಊಟ, ಬಾಡಿಗೆಯ ಹತ್ತಿರಕ್ಕೆ ಬರುತ್ತದೆ. ನಮ್ಮ ಪಾಳ್ಯದ ಪಿಜಿಗಳಲ್ಲಿ ಇರುವ ವಿಜ್ಞಾನ ವಿದ್ಯಾರ್ಥಿಗಳು ಹೊರದೇಶದ ಅರ್ಜಿ ತುಂಬುವುದನ್ನು ಕಂಡಾಗ ನನಗೆ ಅವರ ಮೇಲೆ ಕೋಪ ಬರುವುದಿಲ್ಲ.

ಕಡೆಯದಾಗಿ ನನ್ನನ್ನು ಬಹಳ ಕಾಡುವ ಒಂದು ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಅದು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ನಡೆಯುತ್ತಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಬೇಗನೆ ಹೊಸ ವೈರಸ್ಸನ್ನು ಗುರುತಿಸಿದರು. ಆ ವೈರಸ್ಸು ರಷ್ಯಾದ ಒಂದು ಉಣ್ಣೆ ಜ್ವರದ ವೈರಸ್ಸಿನ ನೆಂಟ. ಹಾಗಾಗಿ ರಷ್ಯಾದ ಜ್ವರದ ಲಸಿಕೆಯನ್ನೇ ಇಲ್ಲಿನವರಿಗೆ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ. ಆಮೇಲೆ ಈ ವೈರಸ್ಸಿಗೆಂದೇ ಲಸಿಕೆ ತಯಾರಾಗಿ ಮಲೆನಾಡಿನಲ್ಲಿ ವರ್ಷಗಟ್ಟಲೆ ಬಳಕೆಯಾಯಿತು, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ಕಾಲ ಕಳೆದಂತೆ ಅದರ ಶಕ್ತಿ ಸಾಲದೆಂದು ಕಂಡಿತು. 2022ರಲ್ಲಿ ಲಸಿಕೆ ನಿಂತೇ ಹೋಯಿತು. ಲಸಿಕೆ ಸೋಲುವುದು ವಿಜ್ಞಾನದಲ್ಲಿ ಇದ್ದದ್ದೇ. ಆದರೆ ಅದು ಸೋಲುತ್ತಿದೆ ಎಂದು ಗೊತ್ತಾದಾಗ ಮುಂದಿನದು ಅರ್ಧ ದಾರಿಯನ್ನಾದರೂ ಬಂದಿರಬೇಕಿತ್ತು. ಶ್ರೀಮಂತ ದೇಶದ ರೋಗವಾಗಿದ್ದರೆ ಬಂದಿರುತ್ತಿತ್ತು. ಈ ರೋಗ ಬರುವುದು ಸೌದೆಗೆ, ಸೊಪ್ಪಿಗೆ, ತೋಟದ ಕೂಲಿಗೆ ಕಾಡಿನಂಚಿಗೆ ಹೋಗುವವರಿಗೆ. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸದಲ್ಲಿವೆ. ಅದು ಕೈಗೆ ಬರುವ ತನಕ ಮಲೆನಾಡಿನವರು ಉಣ್ಣೆ ಕಚ್ಚದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಬೇಕು.

ಇಂಥ ಕೆಲಸಗಳಿಗೆ ಮೂರು ವರ್ಷದ ಪ್ರಾಜೆಕ್ಟು ಸಾಲದು. ಹತ್ತು ವರ್ಷದ ಅನುದಾನ ಬೇಕು. ರೋಗ ಕಾಣಿಸಿಕೊಳ್ಳದ ವರ್ಷದಲ್ಲೂ ಪ್ರಯೋಗಾಲಯದ ಸಿಬ್ಬಂದಿಯನ್ನು, ಫ್ರೀಜರಿನ ಕರೆಂಟನ್ನು ಉಳಿಸಿಕೊಳ್ಳುವ ಹಣ ಬೇಕು. ಮಂಗನ ಕಾಯಿಲೆ, ರಾಗಿ ಹುಲ್ಲು, ನಾಟಿ ಹಸು ಇವುಗಳಿಗೆ ದೆಹಲಿಯ ಪಟ್ಟಿಯಲ್ಲಿ ಮೇಲಿನ ಸ್ಥಾನ ಸಿಗುವುದನ್ನು ಕಾಯದೆ ಕರ್ನಾಟಕವೇ ತನ್ನ ಬಜೆಟ್ಟಿನಿಂದ ಒಂದು ಸ್ಥಿರ ನಿಧಿ ಇಡಬಹುದು. ಹೆಬ್ಬಾಳ, ಆಡುಗೋಡಿ, ಮೈಸೂರು, ಶಿವಮೊಗ್ಗದಲ್ಲಿ ಇರುವ ವಿಜ್ಞಾನಿಗಳೇ ಕೂತು ಪ್ರಶ್ನೆಗಳನ್ನು ಆರಿಸಲಿ. ಆ ಕೂಟಕ್ಕೆ ಹಾಲಿನ ಸಂಘದವರನ್ನೂ ಮಲೆನಾಡಿನ ಆಶಾ ಕಾರ್ಯಕರ್ತೆಯರನ್ನೂ ಕರೆಯಲಿ. ಮುಂದಿನ ಬಜೆಟ್ಟಿಗೆ ಮೊದಲು ನಿಮ್ಮ ಶಾಸಕರು ಸಿಕ್ಕರೆ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ.